ಮೈಕ್ ಕಾಂತನ ಬಸ್ ಹಾಡು

ತೊಂಬತ್ತರ ದಶಕದಲ್ಲಿ ಹುಣಸೂರಿನಲ್ಲಿದ್ದವರಿಗೆ ಕಾಂತರಾಜುವಿನ ಮುಖ ನೆನಪಿರಲಿಕ್ಕಿಲ್ಲ. ದನಿ ಮಾತ್ರ ನೆನಪಿದ್ದೇ ಇರುತ್ತದೆ. ಶುಕ್ರವಾರ ಟಾಕೀಸಿನಲ್ಲಿ ಸಿನಿಮಾ ಬದಲಾಯಿತೆಂದರೆ ನೆತ್ತಿಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡ ಆಟೊ ಬಸ್ ಸ್ಟ್ಯಾಂಡಿನಿಂದ ಹೊರಡುತ್ತಿತ್ತು. ಸೇತುವೆ ದಾಟಿ, ಕಲ್ಕುಣಿಕೆ ಸುತ್ತಿ, ಹೊಗೆಸೊಪ್ಪಿನ ಹರಾಜು ಕಟ್ಟೆಯ ಗೇಟಿನವರೆಗೂ ಹೋಗಿ ಬರುತ್ತಿತ್ತು. ಒಳಗೆ ಮೈಕು ಹಿಡಿದು ಕೂತವನೇ ಕಾಂತರಾಜು. ಬೇರೆಯವರೆಲ್ಲ ‘ಇಂದೇ ನೋಡಿ, ಮರೆಯದಿರಿ’ ಎಂದು ರಾಗ ಎಳೆಯುತ್ತಿದ್ದ ಕಾಲ ಅದು. ಇವನು ಮಾತ್ರ ಆಟೊ ಇಂಜಿನ್ನಿನ ಟಕಟಕಕ್ಕೆ ಸರಿಯಾಗಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯನ್ನೂ ಬಿಡದೆ, ಮಾತು ಜೋಡಿಸುತ್ತಿದ್ದ.

“ಸೊಪ್ಪು ಕಟ್ಟಿದ್ದಾಯ್ತು, ಬ್ಯಾರನ್‌ಗೆ ಬೆಂಕಿ ಆಕಿದ್ದಾಯ್ತು, ಬೆವ್ರು ಒರೆಸ್ಕೊಂಡ್ ಬಾರಣ್ಣ, ಮ್ಯಾಟ್ನಿಗೇ ಫೈಟ್ ಅದೆ ನೋಡಣ್ಣ!”

ಅಂಗಡಿಯವರು ತಕ್ಕಡಿ ಹಿಡಿದ ಕೈಯಲ್ಲೇ ನಿಂತು ಕೇಳುತ್ತಿದ್ದರು. ಸಿನಿಮಾ ಚೆನ್ನಾಗಿಲ್ಲದಿದ್ದರೆ, ಕಾಂತನ ಅನೌನ್ಸೇ ಚೆನ್ನಾಗಿತ್ತು ಎಂದು ಬೈದುಕೊಂಡು ಹೊರಬರುತ್ತಿದ್ದರು.

ನಾನು ಆಗ ಹುಣಸೂರಿನ ಗೋವಿಂದಯ್ಯನವರ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುತ್ತಿದ್ದೆ. ಕಾಂತನಿಗೂ ನನಗೂ ಟಾಕೀಸಿನ ಎದುರಿನ ಹೋಟೆಲಿನಲ್ಲಿ ಸ್ನೇಹ. ಒಂದೇ ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕೂರುತ್ತಿದ್ದೆವು. ನಾನು ಬೆರಳಿನಿಂದ ಟೇಬಲ್ ಬಡಿದರೆ ಸಾಕು, ಅವನ ಬಾಯಿ ತಾನಾಗಿ ಹೊರಡುತ್ತಿತ್ತು.

ಅವನು ಕೆ.ಆರ್. ನಗರದ ಕಡೆಯ ಮಿರ್ಲೆಯವನು. ಅಪ್ಪ ಮಹದೇವಪ್ಪನವರಿಗೆ ನಾಲೆಯ ನೀರಿನ ಗದ್ದೆಯಿತ್ತು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮೌನಕ್ಕೆ. ನಾಟಿಯ ದಿನ ಬದುವಿನ ಮೇಲೆ ನಿಂತು, ಬಗ್ಗಿದ ಹೆಂಗಸರ ಕೈಯ ಲಯಕ್ಕೆ ಒಬ್ಬೊಬ್ಬರ ಹೆಸರನ್ನೂ ಸೇರಿಸಿ ಏನೇನೋ ಕಟ್ಟಿ ಹೇಳುತ್ತಿದ್ದನಂತೆ. ಹೆಂಗಸರು ನಕ್ಕು ನಕ್ಕು ಕೆಸರಿನಲ್ಲಿ ಕೂತುಬಿಡುತ್ತಿದ್ದರಂತೆ. ಅವ್ವ ದೊಡ್ಡತಾಯಮ್ಮನಿಗೆ ಇದೇ ತಲೆನೋವು. “ಈ ಬಾಯಿ ಒಂದ್ ಗಳಿಗೆ ಸುಮ್ಕಿರಕಿಲ್ವಲ್ಲ! ತೂಕಡ್ಸುವಾಗ್ಲೂ ವದರ್ತದೆ” ಎನ್ನುತ್ತಿದ್ದರು. ಸಾಲಿಗ್ರಾಮದಲ್ಲಿ ಪಿಯುಸಿ ಫೇಲಾದಾಗ, ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಸೋದರಮಾವ ಅವನನ್ನು ಹುಣಸೂರಿಗೆ ಕರೆತಂದು ಆಟೊದಲ್ಲಿ ಕೂರಿಸಿದರು. ಬೈಗುಳ ತಿನ್ನುತ್ತಿದ್ದ ಬಾಯಿಗೆ ಕೆಲಸ ಸಿಕ್ಕಿತು.

ತೊಂಬತ್ತೇಳರ ಬೇಸಗೆ ಇರಬೇಕು. ಹೊಸ ಸಿನಿಮಾದ ಪ್ರಚಾರಕ್ಕೆ ಗುರುಪುರದ ಟಿಬೆಟನ್ ಕ್ಯಾಂಪಿನ ಕಡೆ ಹೋಗಿದ್ದ. ಜೋಳದ ಹೊಲದ ಪಕ್ಕದ ಟೀ ಅಂಗಡಿಯಿಂದ ಒಬ್ಬ ಯುವಕ ಓಡಿಬಂದು ಆಟೊಗೆ ಅಡ್ಡ ನಿಂತ. ಹೆಸರು ನೋರ್ಬು. ಚಳಿಗಾಲದಲ್ಲಿ ದೊಡ್ಡ ಊರುಗಳಿಗೆ ಹೋಗಿ ಸ್ವೆಟರ್ ಮಾರುವುದು, ಉಳಿದ ತಿಂಗಳು ಅಕ್ಕನ ಟೀ ಅಂಗಡಿ ನೋಡಿಕೊಳ್ಳುವುದು ಅವನ ಕಸುಬು. ಹುಟ್ಟಿದ್ದು ಇಲ್ಲೇ ಆದ್ದರಿಂದ ಕನ್ನಡ ನಮ್ಮಂತೆಯೇ.

“ನಿಂಗೆ ರ‍್ಯಾಪು ಯಾರ್ ಕಲ್ಸಿದ್ರು?” ಎಂದು ಕೇಳಿದ.

ನಮ್ಮ ಕಡೆ ರಾಪು ಎಂದರೆ ಕಾಟ. ಕಾಂತನಿಗೆ ಸಿಟ್ಟು ಬಂತು. “ನಿಂಗೇನ್ಲಾ ರಾಪು ಮಾಡ್ದೆ ನಾನು? ನನ್ ಪಾಡ್ಗೆ ನಾನು ಅನೌನ್ಸ್ ಮಾಡ್ಕಂಡ್ ಓಯ್ತಿಲ್ವಾ?”

ನೋರ್ಬು ನಕ್ಕು, ಅವನ ಕೈ ಹಿಡಿದು ಅಂಗಡಿಯೊಳಗೆ ಕೂರಿಸಿ, ಟೇಪ್ ರೆಕಾರ್ಡರಿಗೆ ಒಂದು ಕ್ಯಾಸೆಟ್ ಹಾಕಿದ. ಡೆಲ್ಲಿಯಲ್ಲಿ ಯಾರೋ ನೆಂಟರು ಕೊಟ್ಟದ್ದು. ಮೇಲಿನ ಚೀಟಿ ಸವೆದು, ಹಾಡಿದವರ ಹೆಸರೂ ಉಳಿದಿರಲಿಲ್ಲ. ಕಾಂತ ಎರಡೂ ಕಡೆ ಕೇಳಿದ. ಮುಂದಿದ್ದ ಟೀಗೆ ಕೆನೆ ಕಟ್ಟಿತು. ಆಟೊ ಡ್ರೈವರ್ ಹೊರಗಿನಿಂದ ಹಾರ್ನ್ ಹೊಡೆಯುತ್ತಲೇ ಇದ್ದ.

“ಭಾಷೆ ಗೊತ್ತಾಗ್ನಿಲ್ಲ ಕಣ್ಲಾ,” ಎಂದನಂತೆ ಕೊನೆಗೆ. “ಆದ್ರೆ ಇವ್ನ್ ಮಾತ್ನ ಯಾರೂ ಕೇಳ್ತಿರ್ನಿಲ್ಲ, ಅದ್ಕೇ ಇಂಗ್ ಬಡ್ಕತಾವ್ನೆ. ಅದ್ ಮಾತ್ರ ಗೊತ್ತಾಯ್ತು.”

ಅಂದು ಸಂಜೆ ಹೋಟೆಲಿಗೆ ಬಂದವನು ನನ್ನ ಭುಜ ಹಿಡಿದು ಅಲುಗಾಡಿಸಿದ. “ಶಿವಣ್ಣ, ನಾ ಮಾಡ್ತಿರೋದಕ್ಕೆ ಒಂದ್ ಎಸ್ರದೆ ಕಣಣ್ಣ! ಬೇರೆ ದೇಸದಲ್ಲೂ ಇದ್ನೇ ಮಾಡ್ತಾವ್ರೆ!” ಅಷ್ಟು ದಿನ ತಾನೊಬ್ಬನೇ ಹೀಗೆ ಕೆಟ್ಟವನು ಎಂದುಕೊಂಡಿದ್ದನೇನೋ. ಆ ಮುಖದ ಬೆಳಕು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿಂದ ಭಾನುವಾರದ ಬೆಳಗುಗಳು ಶುರುವಾದವು. ಲಕ್ಷ್ಮಣತೀರ್ಥದ ದಡದಲ್ಲಿ, ಟೈರ್ ಅಂಗಡಿಯ ಹಿಂದೆ, ಬೇವಿನ ಮರದ ಕೆಳಗೆ ನಾವು ಸೇರುತ್ತಿದ್ದೆವು. ನೋರ್ಬು ಬಾಯಲ್ಲೇ ಡ್ರಮ್ ಹೊಡೆಯುವುದನ್ನು ಕಲಿತಿದ್ದ. ಪಿರಿಯಾಪಟ್ಟಣದಿಂದ ಬೀರೇಶ ಎಂಬ ದರ್ಜಿ ಬರುತ್ತಿದ್ದ. ಅವನು ನೆಲದ ಮೇಲೆ ತಲೆಯೂರಿ ಬುಗುರಿಯಂತೆ ತಿರುಗುತ್ತಿದ್ದ. ನಾನು ಪ್ಯಾಡ್ ಹೊತ್ತುಕೊಂಡು ಹೋಗುತ್ತಿದ್ದೆ; ಕರೆಂಟ್ ಇಲ್ಲದಿದ್ದರೆ ಡಾಲ್ಡಾ ಡಬ್ಬ ಸಾಕಾಗುತ್ತಿತ್ತು. ಬಟ್ಟೆ ಒಗೆಯಲು ಬಂದ ಹೆಂಗಸರೇ ನಮ್ಮ ಮೊದಲ ಕೇಳುಗರು. ಅವರ ಬಟ್ಟೆಯ ಏಟು ತಾಳ ತಪ್ಪಿಸುತ್ತದೆ ಎಂದು ನೋರ್ಬು ಗೊಣಗಿದರೆ, ಕಾಂತ ಆ ಏಟಿಗೇ ಹಾಡು ತಿರುಗಿಸಿಬಿಡುತ್ತಿದ್ದ.

ಮೊದಲ ಸಲ ಸ್ಟೇಜ್ ಹತ್ತಿದ್ದು ಪಿರಿಯಾಪಟ್ಟಣದಲ್ಲಿ, ಗಣೇಶನ ಹಬ್ಬಕ್ಕೆ. ಹಾಡುವ ಹೆಣ್ಣುಮಗಳ ಜೀಪು ಮೈಸೂರಿನಿಂದ ಬಂದಿರಲಿಲ್ಲ. ಜನ ಶಿಳ್ಳೆ ಹೊಡೆಯಲು ಶುರುಮಾಡಿದ್ದರು. ಗೋವಿಂದಯ್ಯನವರು ಬೆವರಿ, “ಲೋ ಕಾಂತ, ಅದೇನೋ ಒದರ್ತೀಯಲ್ಲ, ಜೀಪು ಬರಗಂಟ ಒದರ್ಲಾ” ಎಂದು ತಳ್ಳಿದರು. ಕಾಂತ ಮೈಕು ಹಿಡಿದು ಶುರುಮಾಡಿದ. ಯಾರದೋ ಮಗು ಕಳೆದುಹೋಗಿದೆ, ಅದನ್ನೇ ಕೂಗುತ್ತಿದ್ದಾನೆ ಎಂದುಕೊಂಡು ಜನ ಸುಮ್ಮನಾದರು. ಮಗು ಯಾವುದೂ ಕಳೆದಿಲ್ಲ ಎಂದು ಗೊತ್ತಾದ ಮೇಲೆ, “ಆಡ್ ಏಳ್ಲಾ, ಬಡ್ಕೋಬ್ಯಾಡ!” ಎಂದು ಗದ್ದಲ ಎದ್ದಿತು. ಒಂದು ಚಪ್ಪಲಿಯೂ ಬಂತು. ಅವನು ಚಪ್ಪಲಿಯನ್ನು ಎತ್ತಿ, ಅದರ ಜೋಡಿ ಯಾರ ಕಾಲಲ್ಲಿದೆ ಎಂದು ತಾಳಕ್ಕೆ ಸರಿಯಾಗಿ ಕೇಳುತ್ತ ಹೋದ. ಮುಂದಿನ ಸಾಲು ನಕ್ಕಿತು. ಹಿಂದಿನ ಸಾಲು ನಗಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ಆದರೂ ಗೋವಿಂದಯ್ಯನವರು ಅವನನ್ನು ಬಿಡಲಿಲ್ಲ. ಜೀಪುಗಳು ತಡವಾಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಹನಗೋಡು, ಬೆಟ್ಟದಪುರ, ಸಾಲಿಗ್ರಾಮ ಹೀಗೆ ಹೋದಲ್ಲೆಲ್ಲ ಕಾಂತ ಹತ್ತು ನಿಮಿಷದ ಮನುಷ್ಯನಾದ. ಎಲ್ಲೋ ಒಂದು ಕಡೆ ಬಸ್ ಹಾಡು ಹುಟ್ಟಿತು. ಹುಣಸೂರು ಬಸ್ ಸ್ಟ್ಯಾಂಡಿನ ಏಜೆಂಟರು ಕೂಗುವುದನ್ನೇ ಹಿಡಿದು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕಿನ ಊರುಗಳನ್ನು ಪೋಣಿಸಿ ಅವನು ಕಟ್ಟಿದ್ದು:

“ಅತ್ರಮ್ಮೋ ಅತ್ರಣ್ಣೋ, ಇಂದಿನ್ ಡೋರಲ್ ಅತ್ರಪ್ಪೋ,
ಸೀಟಿಲ್ಲ ಗೀಟಿಲ್ಲ, ನಿಂತ್ಕಂಡ್ ಬರೋರ್ ಬರ್ರಪ್ಪೋ!
ಕಟ್ಟೆಮಳಲ್ವಾಡಿ ಕಾಯ್ಬ್ಯಾಡಿ, ಗದ್ದಿಗೆ ಬಂತು ಎದ್ನೋಡಿ,
ಪಂಚವಳ್ಳಿ ಪಾಪಣ್ಣ, ಟವಲ್ ಬಿತ್ತು ಇಡ್ಕೊಳಣ್ಣ,
ಅಂತರಸಂತೆ ಅಕ್ಕಮ್ಮ, ಕೋಳಿಗ್ ಟಿಕೀಟ್ ತಕ್ಕಮ್ಮ!”

ಹೀಗೆ ಒಂದೊಂದು ಊರಿಗೂ ಒಂದೊಂದು ಸಾಲು. ತಮ್ಮೂರ ಹೆಸರು ಬಂದ ಕೂಡಲೇ ಅಲ್ಲಿನವರು ಎದ್ದು ಕೂಗುತ್ತಿದ್ದರು. ಪಕ್ಕದ ಊರಿನವರು ತಮ್ಮ ಸರದಿಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಟಿವಿಯಲ್ಲಿ, ರೇಡಿಯೊದಲ್ಲಿ ಎಂದೂ ಬಾರದ ಹೆಸರುಗಳು ದೊಡ್ಡ ಸ್ಪೀಕರಿನಲ್ಲಿ ಬರುವುದೆಂದರೆ ಸಣ್ಣ ಮಾತೇ? ಕೆಲವು ತಿಂಗಳಲ್ಲಿ ಜೀಪು ಬೇಗ ಬಂದರೂ ಜನ “ಬಸ್ ಬುಡ್ಲಾ ಕಾಂತ!” ಎಂದು ಕೂಗತೊಡಗಿದರು.

ಎಚ್.ಡಿ. ಕೋಟೆಯ ಕಾರ್ಯಕ್ರಮ ಎರಡು ಸಾವಿರದ ಇಸವಿಯದು. ಹಾಡು ಮುಗಿಸಿ ಕೆಳಗಿಳಿದಾಗ ಒಬ್ಬ ಮುದುಕಿ ಸ್ಟೇಜಿನ ಮೆಟ್ಟಿಲ ಬಳಿ ನಿಂತಿದ್ದಳು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು, ಮುಜುಗರದಿಂದ ಅಜ್ಜಿಯ ಸೆರಗು ಎಳೆಯುತ್ತಿದ್ದಳು.

“ಎಲ್ಲಾರೂರೂ ಕೂಗ್ದೆ. ನಮ್ಮೂರ್ ಯಾಕ್ಲಾ ಮಗ ಕೂಗ್ನಿಲ್ಲ?” ಎಂದಳು ಮುದುಕಿ.

“ಯಾವೂರವ್ವ ನಿಂದು?”

“ಮಳಲಕೊಪ್ಪ.”

ಕಾಂತನಿಗೆ ಇಡೀ ಸೀಮೆಯ ಬಸ್ ಸ್ಟಾಪು ಬಾಯಿಪಾಠ. ಆ ಹೆಸರು ಮಾತ್ರ ಕೇಳಿರಲಿಲ್ಲ. “ಯಾವ್ ಬಸ್ಸವ್ವ ಓಯ್ತದೆ ಆ ಕಡಿಕೆ?”

“ಬಸ್ ಓಗಕಿಲ್ಲ ಕಣಪ್ಪ. ಡ್ಯಾಮ್ ಕಟ್ದಾಗ ನೀರಲ್ಲಿ ಓಯ್ತು. ಬ್ಯಾಸ್ಗೇಲಿ ನೀರ್ ಇಳುದ್ರೆ ಗುಡಿ ಗ್ವಾಡೆ ಕಾಣ್ತಿತ್ತು ಮೊದ್ಲು. ಈಗ ಅದೂ ಇಲ್ಲ.”

ಅವಳ ಹೆಸರು ರಾಚಮ್ಮ. ಊರು ಮುಳುಗಿದಾಗ ಕಂಕುಳಲ್ಲಿ ಮಗು, ತಲೆಯ ಮೇಲೆ ಬೀಸುವ ಕಲ್ಲು ಹೊತ್ತು ಬಂದವಳು. ಕಾಂತ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಮೆಟ್ಟಿಲ ಮೇಲೆ ಕೂತು, ಊರಲ್ಲಿ ಏನೇನಿತ್ತು ಎಂದು ಕೇಳಿದ. ಅವಳು ಹೇಳಿದಳು. ಬಾಯಿ ಮುಚ್ಚದ ಕಾಂತ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ನೇರ ಗೋವಿಂದಯ್ಯನವರ ಬಳಿ ಹೋಗಿ, “ಇನ್ನೊಂದ್ ಸಲ ಮೈಕ್ ಕೊಡಿ” ಎಂದ. ಹಾಡುವ ಹೆಣ್ಣುಮಗಳೇ ನಕ್ಕು ಕೊಟ್ಟಳು. ಬಸ್ಸು ಮತ್ತೆ ಹುಣಸೂರಿನಿಂದ ಹೊರಟಿತು. ಕೊನೆಯ ಸ್ಟಾಪು ದಾಟಿದ ಮೇಲೂ ನಿಲ್ಲಲಿಲ್ಲ:

“ಮಳಲಕೊಪ್ಪದ್ ರಾಚವ್ವ, ನೀರ ಸರ್ಸಿ ಬಾರವ್ವ,
ಕಿಟ್ಕಿ ಸೀಟು ನಿಂದೇಯ, ನಿಮ್ಮೂರ್ ಬಂತು ನೋಡವ್ವ!”

ರಾಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಂದು ಮೂಲೆಯಿಂದ ಯಾರೋ ತಮ್ಮೂರ ಹೆಸರು ಕೂಗಿದರು, ಇನ್ನೊಂದು ಕಡೆಯಿಂದ ಇನ್ನೊಬ್ಬರು. ಎಲ್ಲವೂ ನೀರಿನಡಿಯ ಊರುಗಳು. ಕಾಂತ ಒಂದೊಂದನ್ನೂ ಕೇಳಿಸಿಕೊಂಡು ಮೈಕಿನಲ್ಲಿ ಕೂಗಿದ. ಪ್ರಾಸ ಹುಡುಕಲಿಲ್ಲ. ನಾನು ಪ್ಯಾಡನ್ನು ಮೆಲ್ಲಗೆ ಬಡಿಯುತ್ತ ಹೋದೆ.

ಆ ಮೊಮ್ಮಗಳ ಹೆಸರು ಕಾವ್ಯಶ್ರೀ. ಮುಂದಿನ ತಿಂಗಳಿಂದ ಅವಳೂ ಬಸ್ ಹತ್ತಿ ಭಾನುವಾರ ನದಿ ದಡಕ್ಕೆ ಬರತೊಡಗಿದಳು. ಹಾಸ್ಟೆಲಿನ ನಲ್ಲಿಯ ಮುಂದಿನ ಜಗಳವನ್ನು ಅವಳು ರ‍್ಯಾಪ್ ಮಾಡಿದರೆ, ಬಟ್ಟೆ ಒಗೆಯುವವರು ಬಟ್ಟೆ ಬಿಟ್ಟು ಕೇಳುತ್ತಿದ್ದರು. ಎಚ್.ಡಿ. ಕೋಟೆಯೂ ಸೇರಿತೆಂದು ನಾವು ನಮಗೇ ‘ನಾಕ್ ತಾಲ್ಲೂಕು’ ಎಂದು ಹೆಸರಿಟ್ಟುಕೊಂಡೆವು. ಬೀರೇಶ ಎಲ್ಲರಿಗೂ ರ‍್ಯಾಪ್ ಹಾಡುವವರ ಹಾಗೆ ಸೊಂಟಕ್ಕೆ ನಿಲ್ಲದಷ್ಟು ಸಡಿಲವಾದ ಪ್ಯಾಂಟು ಹೊಲಿದ. ಕಾವ್ಯಶ್ರೀ ಮಾತ್ರ ಚೂಡಿದಾರವೇ ಸಾಕೆಂದಳು.

ಮರುವರ್ಷ ಮೈಸೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಕ್ಯಾಸೆಟ್ ಮಾಡಿದೆವು. ಹರಾಜು ಕಟ್ಟೆಯ ಗೇಟಿನಲ್ಲಿ, ಟಾಕೀಸಿನಲ್ಲಿ, ಸಂತೆಯಲ್ಲಿ ಕಾಂತನೇ ನಿಂತು ಮಾರಿದ. ಒಂದು ಪ್ರತಿಯನ್ನು ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದಕ್ಕೆ ಕೊಟ್ಟುಬರಲು ಅವನು, ನಾನು ಹೋದೆವು. ಅಲ್ಲಿನವರು ಅರ್ಧ ಹಾಡು ಕೇಳಿ, “ಇದು ಹಾಡೋ, ಹರಾಜೋ?” ಎಂದು ನಕ್ಕರು. ಒಳ್ಳೆಯ ಜನವೇ, ಕಾಫಿ ಕೊಟ್ಟರು. “ಲಯ ಚೆನ್ನಾಗಿದೆ. ಭಾಷೆ ಶುದ್ಧ ಮಾಡಿಕೊಂಡು ಬನ್ನಿ, ನೋಡೋಣ” ಎಂದರು.

ಕಾಂತ ಅದನ್ನು ನಿಜವಾಗಿಯೂ ಪ್ರಯತ್ನಿಸಿದ. ವಾರವೆಲ್ಲ ತಿದ್ದಿ, ಭಾನುವಾರ ನದಿ ದಡದಲ್ಲಿ ಗಂಭೀರವಾಗಿ ನಿಂತು, “ಹತ್ತಿರಿ ಅಮ್ಮಾ, ಹತ್ತಿರಿ ಅಣ್ಣಾ, ಕೋಳಿಗೂ ಚೀಟಿಯನ್ನು ಪಡೆಯಿರಿ ಅಕ್ಕಾ” ಎಂದು ಶುರುಮಾಡಿದ. ನೋರ್ಬುವಿನ ಬಾಯಿ ಡ್ರಮ್ಮು ನಗುವಿನಲ್ಲಿ ಒಡೆದುಹೋಯಿತು. ಕಾವ್ಯಶ್ರೀ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಳು. ಕೊನೆಗೆ ಕಾಂತನೂ ನಕ್ಕ. “ಇದ್ರಲ್ಲಿ ಬಸ್ಸು ಸ್ಟಾರ್ಟೇ ಆಗಕಿಲ್ಲ, ಬುಡ್ರಲಾ” ಎಂದ. ಬೆಂಗಳೂರಿನ ಮಾತು ಅಲ್ಲಿಗೆ ಮುಗಿಯಿತು. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ ಎಂದು ಸೋದರಮಾವನ ಮನೆಯವರು ಆಮೇಲೆ ಹೇಳಿದರು.

ಎರಡು ಸಾವಿರದ ನಾಲ್ಕರಲ್ಲಿ ಚುನಾವಣೆ ಬಂತು. ಕಾಂತನ ದನಿ ಎಲ್ಲ ಪಾರ್ಟಿಯವರಿಗೂ ಬೇಕು. ಬೆಳಿಗ್ಗೆ ಒಬ್ಬರ ಆಟೊ, ಮಧ್ಯಾಹ್ನ ಅವರ ಎದುರಾಳಿಯ ಜೀಪು. ಧೂಳು, ಬಿಸಿಲು, ಬೀಡಿ ಹೊಗೆ. ಪ್ರಚಾರ ಮುಗಿಯುವ ಹೊತ್ತಿಗೆ ಅವನ ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು. ಜೇನುತುಪ್ಪ, ಕರಿಮೆಣಸು, ಕಷಾಯ ಎಲ್ಲ ಆಯಿತು. ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಾಯೊಳಗೆ ಸಣ್ಣ ಕನ್ನಡಿ ಇಳಿಸಿ ನೋಡಿ, ಗಂಟಲಲ್ಲಿ ಗಂಟಾಗಿದೆ, ಆಪರೇಷನ್ ಆಗಬೇಕು, ಆಮೇಲೂ ತಿಂಗಳುಗಟ್ಟಲೆ ಮಾತಾಡಬಾರದು ಎಂದರು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಗೆ ಹಣೆ ಕೊಟ್ಟು ಕೂತಿದ್ದ. ಇಲವಾಲ, ಬಿಳಿಕೆರೆ ಎಂದು ಕಂಡಕ್ಟರ್ ಕೂಗಿದಾಗಲೆಲ್ಲ ಅವನ ತುಟಿ ಅಲುಗುತ್ತಿತ್ತು.

ಆಪರೇಷನ್ ಆದ ಮೇಲೆ ಮಿರ್ಲೆಗೆ ಹೋದ. ನೋಡಲು ಹೋದಾಗ ದೊಡ್ಡತಾಯಮ್ಮ ನನ್ನನ್ನು ಹಿತ್ತಲಿಗೆ ಕರೆದು ಕಣ್ಣೀರು ಹಾಕಿದರು. “ಮನೇಲಿ ದೀಪ ಅಚ್ಚಿದ್ರೂ ಕತ್ಲೆ ಇದ್ದಂಗದೆ ಕಣ್ ಶಿವಣ್ಣ. ಸುಮ್ಕಿರು ಸುಮ್ಕಿರು ಅಂತ ನಾನೇ ಬೋದಿದ್ದು. ಈಗ ಏನಾರ ಅನ್ಲಾ ಅಂದ್ರೆ ಕೈ ಆಡುಸ್ತನೆ.”

ಹುಣಸೂರಿನಲ್ಲಿ ಮಾತ್ರ ಅವನ ದನಿ ನಿಂತಿರಲಿಲ್ಲ. ಟಾಕೀಸಿನವರು ಹಿಂದೆಯೇ ಸ್ವಲ್ಪ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರು. ‘ಬೆವ್ರು ಒರೆಸ್ಕೊಂಡ್ ಬಾರಣ್ಣ’ ಎಂದು ಅದೇ ಸಾಲು, ಸಿನಿಮಾದ ಹೆಸರು ಮಾತ್ರ ಬೇರೆಯವರ ಬಾಯಲ್ಲಿ. ಟೀ ಕುಡಿಯುವಾಗ ಆಟೊ ಹಾದುಹೋದರೆ ನನ್ನ ಬೆರಳು ಟೇಬಲ್ಲಿನ ಮೇಲೆ ತಾನಾಗಿ ಓಡುತ್ತಿತ್ತು. ಆಮೇಲೆ ಲೋಟ ಎತ್ತಿಕೊಂಡುಬಿಡುತ್ತಿದ್ದೆ.

ಮುಂದಿನ ವರ್ಷ ಎಚ್.ಡಿ. ಕೋಟೆಯಿಂದ ಮತ್ತೆ ಕರೆ ಬಂತು. ಗೋವಿಂದಯ್ಯನವರು ಕಾಂತನನ್ನು ಸುಮ್ಮನೆ ಜೊತೆಗೆ ಬಾ ಎಂದು ಕರೆದರು. ದನಿ ಬಂದಿತ್ತು, ಆದರೆ ಉಪ್ಪುಕಾಗದ ತಿಕ್ಕಿದ ಹಾಗೆ. ನಾಲ್ಕು ಮಾತಿಗೆ ಸೋಲುತ್ತಿತ್ತು. ಸಂಜೆಯ ಹೊತ್ತು, ಮೈದಾನ ತುಂಬಿತ್ತು. ಅವನು ಸ್ಟೇಜಿನ ಬದಿಯಲ್ಲಿ ನಿಂತದ್ದನ್ನು ಯಾರೋ ನೋಡಿದರು. “ಬಸ್ ಬುಡ್ಲಾ ಕಾಂತ!” ಎಂದು ಶುರುವಾಯಿತು. ನಿಲ್ಲಲೇ ಇಲ್ಲ. ಅವನು ಮೈಕು ಹಿಡಿದು, “ಅತ್ರಮ್ಮೋ...” ಎಂದ. ದನಿ ಒಡೆಯಿತು. ಕೆಮ್ಮಿದ. ಮತ್ತೆ ಬಾಯಿ ತೆರೆದ, ಏನೂ ಬರಲಿಲ್ಲ. ನಾನು ಪ್ಯಾಡ್ ನಿಲ್ಲಿಸಲೇ ಎಂದು ನೋಡಿದೆ. ಅವನು ಬೇಡ ಎಂದು ತಲೆಯಾಡಿಸಿದ.

ಆಗ ಕೆಳಗೆ ನಿಂತಿದ್ದ ಕಾವ್ಯಶ್ರೀ ಮೈಕಿಲ್ಲದೆಯೇ ಮುಂದಿನ ಸಾಲು ಎತ್ತಿಕೊಂಡಳು. ಪಕ್ಕದವರು ಸೇರಿದರು. ನೋಡನೋಡುತ್ತ ಇಡೀ ಮೈದಾನವೇ ಬಸ್ ಹಾಡನ್ನು ಹೇಳತೊಡಗಿತು. ಒಂದಕ್ಷರವೂ ತಪ್ಪಿಲ್ಲ. ಕೋಳಿಯ ಟಿಕೀಟು ಬಂದಾಗ ಮುದುಕರೂ ಎದ್ದರು. ಮಳಲಕೊಪ್ಪ ಬಂದಾಗ ಎಲ್ಲರೂ ದನಿ ತಗ್ಗಿಸಿದರು. ರಾಚಮ್ಮ ತೀರಿಕೊಂಡು ಆಗಲೇ ಕೆಲವು ತಿಂಗಳಾಗಿತ್ತು. ಕಾಂತ ಮೈಕನ್ನು ಜನರ ಕಡೆಗೆ ತಿರುಗಿಸಿ ಹಿಡಿದು, ಮುಖ ಒರೆಸಿಕೊಳ್ಳದೆ ಹಾಗೆಯೇ ನಿಂತಿದ್ದ. ನಮ್ಮ ನಾಕ್ ತಾಲ್ಲೂಕಿನ ಕೊನೆಯ ಕಾರ್ಯಕ್ರಮ ಅದು.

ಆಮೇಲೆ ಒಬ್ಬೊಬ್ಬರು ಒಂದೊಂದು ದಾರಿ. ಕಾವ್ಯಶ್ರೀ ಸರಗೂರಿನ ಕಡೆ ಮೇಷ್ಟರಮ್ಮನಾದಳು. ಬೀರೇಶ ಪ್ಯಾಂಟಿನ ಸೊಂಟವನ್ನು ಮತ್ತೆ ಬಿಗಿಗೊಳಿಸಿದ. ನೋರ್ಬು ಬೈಲಕುಪ್ಪೆಯಲ್ಲಿ ಹೋಟೆಲ್ ಇಟ್ಟ. ಆರ್ಕೆಸ್ಟ್ರಾಗಳ ಜಾಗಕ್ಕೆ ಡಿಜೆ ಬಂತು, ನಾನು ಪ್ಯಾಡನ್ನು ಅಟ್ಟಕ್ಕೆ ಹಾಕಿದೆ. ಕಾಂತ ಗದ್ದೆಯ ಜೊತೆಗೆ ಸಾಲಿಗ್ರಾಮದಲ್ಲಿ ಸಣ್ಣದೊಂದು ಮೊಬೈಲ್ ಅಂಗಡಿ ತೆರೆದ. ಕರೆನ್ಸಿ ಹಾಕುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು. ಒಮ್ಮೆ ನಾನು ಅಲ್ಲಿದ್ದಾಗಲೇ ಒಬ್ಬ ಟ್ರಾಕ್ಟರ್ ಡ್ರೈವರ್ ಬಂದು ಬಸ್ ಹಾಡು ಹಾಕಿಕೊಡಿ ಎಂದ. ಯಾರು ಹಾಡಿದ್ದು ಎಂದು ನಾನು ಕೇಳಿದೆ. “ಯಾರೋ ಕೋಟೆ ಕಡೆಯೋರು ಕಣಣ್ಣ, ತೀರ್ಕೊಂಡ್ರಂತೆ” ಎಂದ. ಕಾಂತ ತಲೆ ಎತ್ತದೆ ಹಾಡು ಹಾಕಿಕೊಟ್ಟ. ಡ್ರೈವರ್ ಹೋದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮೊನ್ನೆ ಎಂದರೆ ಎರಡು ಸಾವಿರದ ಒಂಬತ್ತರ ಸುಗ್ಗಿಯಲ್ಲಿ ಮಿರ್ಲೆಯಲ್ಲಿ ಕಾಂತನ ಮನೆಗೆ ಹೋಗಿದ್ದೆ. ಈ ನಡುವೆ ಅವನಿಗೆ ಮದುವೆಯಾಗಿತ್ತು; ಹೆಂಡತಿ ರಮ್ಯಾ ಒಳಗೆ ಮುದ್ದೆ ತಿರುವುತ್ತಿದ್ದಳು. ಕಾಂತ ಜಗುಲಿಯ ಮೇಲೆ ಮಗಳು ಅನುಶ್ರೀಗೆ ಅನ್ನ ತಿನ್ನಿಸುತ್ತಿದ್ದ. ಮಗು ಬಾಯಿ ಬಿಡದೆ ಹಟ ಹಿಡಿದಿತ್ತು. ಅವನು ಒಡಕು ದನಿಯಲ್ಲಿ ಮೆಲ್ಲಗೆ ಹೇಳತೊಡಗಿದ: “ಸಾರು ಬಂತು, ಸೊಪ್ಪು ಬಂತು, ಅನ್ನದ್ ಜೊತ್ಗೆ ತುಪ್ಪ ಬಂತು, ಬಾಯ್ ಎಲ್ಲೋಯ್ತು, ಬಾಯ್ ಎಲ್ಲೋಯ್ತು?” ಮಗು ಅವನ ತುಟಿಯನ್ನೇ ನೋಡುತ್ತ ಕೂತಿತ್ತು. ಸಾಲು ಮುಗಿಯುವುದಕ್ಕೆ ಸರಿಯಾಗಿ ಬಾಯಿ ತೆರೆಯಿತು.

“ನೋಡ್ದಾ ಶಿವಣ್ಣ,” ಎಂದ ಕಾಂತ, ತುತ್ತು ಇಡುತ್ತ, “ತಾಳ ತಪ್ಪಕಿಲ್ಲ ಇವ್ಳು.”